ಸೌತೆಕಾಯಿಗೂ ಕವಿತೆ ಬರೆದ ಕವಿ



ಮಳೆಗಾಲದ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ ನೀವು ಗೈಡ್ ಹುಡುಕುತ್ತೀರಿ. ಸೋರುವ ಹೆಂಚು, ತಂದೆಯ ತಳ್ಳುಗಾಡಿ ಇವೆಲ್ಲ ಬರೆಯುವ ವಿಷಯವೇ ಅಲ್ಲ ಎಂಬ ಸಂಕೋಚ ನಿಮ್ಮಲ್ಲಿದೆ. ಅದಕ್ಕಾಗಿಯೇ ಇಂದು ಉರ್ದು ಕವಿ ನಜೀರ್ ಅಕ್ಬರಾಬಾದಿಯವರ ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಅವರ ನಿಜನಾಮ ವಲಿ ಮುಹಮ್ಮದ್. ಸುಮಾರು 1735ರಲ್ಲಿ ದೆಹಲಿಯಲ್ಲಿ ಹುಟ್ಟಿದರು. 1739ರಲ್ಲಿ ನಾದಿರ್ ಶಾಹ, ಮುಂದೆ ಅಹ್ಮದ್ ಶಾಹ ಅಬ್ದಾಲಿ ದೆಹಲಿಯನ್ನು ಸೂರೆಗೊಂಡರು. ಆ ಗಲಭೆಯ ಕಾಲದಲ್ಲಿ ಯುವಕ ನಜೀರ್ ತಾಯಿ ಮತ್ತು ಅಜ್ಜಿಯೊಂದಿಗೆ ಆಗ್ರಾಕ್ಕೆ ವಲಸೆ ಬಂದರು. ಆಗ್ರಾಕ್ಕೆ ಅಕ್ಬರಾಬಾದ್ ಎಂಬ ಹೆಸರೂ ಇತ್ತು. ಆಶ್ರಯ ಕೊಟ್ಟ ಆ ಊರಿನ ಹೆಸರೇ ಅವರ ಹೆಸರಿನೊಂದಿಗೆ ಸೇರಿಕೊಂಡಿತು. ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸಿದರು. ಹೌದು, ಅವರು ಒಬ್ಬ ಮೇಷ್ಟ್ರು!

ವಲಸೆ ಬಂದವನ ಕಣ್ಣು ಹೊಸ ಊರನ್ನು ಬಹಳ ಗಮನವಿಟ್ಟು ನೋಡುತ್ತದೆ. ನಜೀರ್ ಆಗ್ರಾದ ಮಳೆ, ಚಳಿ, ಕಲ್ಲಂಗಡಿ, ಎಳ್ಳುಂಡೆ, ಅಳಿಲು ಮರಿ, ಕರಡಿ ಮರಿ ಎಲ್ಲವನ್ನೂ ಕಾವ್ಯಕ್ಕೆ ತಂದರು. ಅವರ ಮಳೆಯಲ್ಲಿ ಹಸಿರೂ ಉಂಟು, ಕೆಸರಿನಲ್ಲಿ ಜಾರಿ ಬೀಳುವವರೂ ಉಂಟು. ಈದ್ ಬಗ್ಗೆ ಬರೆದ ಕೈಯೇ ಹೋಳಿ, ದೀಪಾವಳಿ, ಬಾಲಕೃಷ್ಣನ ಬಗ್ಗೆಯೂ ಬರೆಯಿತು.

ಇದು ಬಜಾರಿನ ಭಾಷೆಯೆಂದು ಆ ಕಾಲದ ಪಂಡಿತರು ಮೂಗು ಮುರಿದರು. ಶೇಫ್ತಾ ಅವರಂತಹ ವಿದ್ವಾಂಸರು ಅವರನ್ನು ಕವಿಗಳ ಸಾಲಿನಲ್ಲಿ ಸೇರಿಸಲು ಒಪ್ಪಲಿಲ್ಲ. ಆದರೆ ಜನ ಆ ಕವಿತೆಗಳನ್ನು ಬಾಯಲ್ಲೇ ಉಳಿಸಿಕೊಂಡರು. ನಜೀರ್ 1830ರಲ್ಲಿ ತೀರಿಕೊಂಡರು. 1954ರಲ್ಲಿ ಹಬೀಬ್ ತನ್ವೀರ್ ಅವರು ‘ಆಗ್ರಾ ಬಜಾರ್’ ನಾಟಕ ರಚಿಸಿದರು. ಅದರಲ್ಲಿ ಒಬ್ಬ ಬಡ ವ್ಯಾಪಾರಿಯ ಸೌತೆಕಾಯಿ ಮಾರಾಟವಾಗುವುದಿಲ್ಲ. ತನ್ನ ಸರಕಿನ ಮೇಲೆ ಒಂದು ಕವಿತೆ ಬರೆದುಕೊಡಿ ಎಂದು ಅವನು ಕವಿಗಳನ್ನು ಬೇಡುತ್ತಾನೆ. ದೊಡ್ಡವರು ಯಾರೂ ಕೇಳುವುದಿಲ್ಲ. ನಜೀರ್ ಬರೆದುಕೊಡುತ್ತಾರೆ, ವ್ಯಾಪಾರ ಕುದುರುತ್ತದೆ. ಕುತೂಹಲವೆಂದರೆ, ಇಡೀ ನಾಟಕದಲ್ಲಿ ನಜೀರ್ ರಂಗದ ಮೇಲೆ ಬರುವುದೇ ಇಲ್ಲ, ಅವರ ಹಾಡುಗಳು ಮಾತ್ರ ಬರುತ್ತವೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರ ಕುಟುಂಬಗಳು ದುಡಿಮೆಗಾಗಿ ಊರು ಬಿಟ್ಟು ಬಂದಿವೆ. ಮನೆಯಲ್ಲೊಂದು ಮಾತು, ಶಾಲೆಯಲ್ಲೊಂದು ಮಾತು. ಇದನ್ನು ಕೊರತೆಯೆಂದು ತಿಳಿಯಬೇಡಿ. ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ ನೀವು ಕಂಡದ್ದನ್ನು ಬರೆಯಿರಿ. ಕಾಗುಣಿತ ತಪ್ಪಿದರೆ ತಿದ್ದಲು ನಾವಿದ್ದೇವೆ. ಆದರೆ ನಿಮ್ಮ ತಂದೆಯ ತಳ್ಳುಗಾಡಿಯನ್ನು ನಿಮ್ಮ ಹಾಗೆ ಕಂಡವರು ಬೇರೆ ಯಾರೂ ಇಲ್ಲ. ಮುಂದಿನ ಪ್ರಬಂಧದಲ್ಲಿ ಅದನ್ನು ಓದಲು ಕಾಯುತ್ತಿರುತ್ತೇನೆ.