ಕೆಲಸ ಹೋದಾಗ ಕೈಗೆ ಬರಬೇಕಾದ ಹಣ



ಉರ್ದು ಮತ್ತು ಕನ್ನಡ ಪಾಠ ಹೇಳುವ ನನಗೆ ಎರಡು ಪದಗಳಿಂದ ಮಾತು ಆರಂಭಿಸುವುದು ಸುಲಭ. 'ಹಕ್ಕು' ಎಂಬ ಪದ ಅರಬ್ಬಿಯ 'ಹಕ್'ನಿಂದ ಬಂದದ್ದು. ನ್ಯಾಯವಾಗಿ ಸಲ್ಲಬೇಕಾದದ್ದು ಎಂದರ್ಥ. 'ರಾಜೀನಾಮೆ' ಫಾರ್ಸಿಯಿಂದ ಬಂದದ್ದು. ಒಪ್ಪಿಗೆಯ ಪತ್ರ ಎಂದರ್ಥ. ಮಾಲೀಕರು ಕೆಲಸದಿಂದ ತೆಗೆಯುವಾಗ ನಾವು ರಾಜೀನಾಮೆಗೆ ಸಹಿ ಹಾಕಿದರೆ ಹಕ್ಕಿನ ದೊಡ್ಡ ಪಾಲು ಕೈತಪ್ಪಿ ಹೋಗುತ್ತದೆ. ಇಂದು ನಾನು ಹೇಳಬೇಕಾಗಿರುವುದು ಇಷ್ಟೇ.

ಕೆಲಸ ಹೋಗುವುದು ಹೇಗೆಂದು ಬಳ್ಳಾರಿಯವರಿಗೆ ವಿವರಿಸಬೇಕಾಗಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಪರಿಸರಕ್ಕೆ ಆದ ಹಾನಿಯನ್ನು ತಡೆಯಲು ಆ ಆದೇಶ ಬೇಕಾಗಿತ್ತು. ಆದರೆ ಗಣಿಯ ಕೂಲಿಕಾರರು, ಲಾರಿ ಚಾಲಕರು, ಕ್ಲೀನರುಗಳ ದುಡಿಮೆ ನಿಂತಿತು. 2013ರ ಏಪ್ರಿಲ್‌ನಲ್ಲಿ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಿತು, ಹಲವು ಗುತ್ತಿಗೆಗಳು ರದ್ದಾದವು. ಇಂಥ ಹೊತ್ತಿನಲ್ಲಿ ದಾಖಲೆಯಲ್ಲಿ ಹೆಸರಿದ್ದವನು ಕೇಳಬಹುದು. ಹೆಸರೇ ಇಲ್ಲದವನು ಯಾವ ಆಧಾರದ ಮೇಲೆ ಕೇಳಬೇಕು?

ಕಾನೂನು ಏನು ಹೇಳುತ್ತದೆ? ಹಿಂದೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಶಿಸ್ತುಕ್ರಮದ ಶಿಕ್ಷೆಯಾಗಿ ಅಲ್ಲದೆ, ಕೆಲಸವಿಲ್ಲವೆಂದು ತೆಗೆದರೆ ಅದು 'ಹಿಂಬಡ್ತಿ'ಯೂ ಅಲ್ಲ, 'ರಜೆ'ಯೂ ಅಲ್ಲ. ಅದು ಉದ್ಯೋಗ ಕಡಿತ. ಒಂದು ವರ್ಷ ನಿರಂತರ ಸೇವೆ ಮಾಡಿದ ಕಾರ್ಮಿಕನಿಗೆ ಒಂದು ತಿಂಗಳ ಲಿಖಿತ ನೋಟೀಸು ಅಥವಾ ಆ ತಿಂಗಳ ಸಂಬಳ ಕೊಡಬೇಕು. ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಪರಿಹಾರ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಅದು ಒಂದು ವರ್ಷದ ಸೇವೆ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದಿದ್ದರೆ ಅದನ್ನೂ ಒಂದು ವರ್ಷವೆಂದು ಲೆಕ್ಕ ಹಿಡಿಯಬೇಕು. ಇದಲ್ಲದೆ ಮರುಕೌಶಲ್ಯ ನಿಧಿಗೆ ಮಾಲೀಕರು 15 ದಿನಗಳ ವೇತನ ಕಟ್ಟಬೇಕು. ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಬರಬೇಕು.

ಗ್ರಾಚ್ಯುಟಿ ಬೇರೆಯೇ ಹಣ. ಐದು ವರ್ಷ ಸೇವೆಯಾಗಿದ್ದರೆ ರಾಜೀನಾಮೆ ಕೊಟ್ಟರೂ ಅದು ಸಿಗುತ್ತದೆ. ಭವಿಷ್ಯ ನಿಧಿಯೂ ಬೇರೆ. ಒಂದನ್ನು ಕೊಟ್ಟು ಇನ್ನೊಂದು ಮುಗಿಯಿತೆಂದರೆ ಒಪ್ಪಬೇಡಿ.

ಒಂದು ಲೆಕ್ಕ ಮಾಡೋಣ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಒಬ್ಬರು ವರ್ಷಪೂರ್ತಿ ಕೆಲಸದಲ್ಲಿದ್ದಾರೆ, ಸೇವೆ 8 ವರ್ಷ 7 ತಿಂಗಳು, ವೇತನ ತಿಂಗಳಿಗೆ 13,000 ರೂಪಾಯಿ ಎಂದುಕೊಳ್ಳಿ. ಸೇವೆ 9 ವರ್ಷವಾಯಿತು. ಪರಿಹಾರ 6,500ರಂತೆ 58,500. ನೋಟೀಸು ಕೊಡದಿದ್ದರೆ 13,000. ಗ್ರಾಚ್ಯುಟಿಗೆ ತಿಂಗಳನ್ನು 26 ದಿನವೆಂದು ಎಣಿಸುವುದರಿಂದ ವರ್ಷಕ್ಕೆ 7,500ರಂತೆ 67,500. ಒಟ್ಟು 1,39,000 ರೂಪಾಯಿ. ಇದೇ ವ್ಯಕ್ತಿ 'ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ' ಎಂಬ ಕಾಗದಕ್ಕೆ ಸಹಿ ಹಾಕಿದರೆ ಗ್ರಾಚ್ಯುಟಿ ಮಾತ್ರ ಉಳಿಯುತ್ತದೆ. ಒಂದು ಸಹಿಯ ಬೆಲೆ 71,500 ರೂಪಾಯಿ!

ನಮ್ಮಲ್ಲಿ ಜೀನ್ಸ್ ಹೊಲಿಯುವವರು ಬಹಳ. 'ನಮ್ಮದು ಪೀಸ್ ಲೆಕ್ಕ, ನಮಗೇನು ಕಾನೂನು?' ಎನ್ನುತ್ತಾರೆ. ಮಾಲೀಕರ ಅಂಗಡಿಯಲ್ಲಿ ಕುಳಿತು ಪೀಸ್ ಲೆಕ್ಕದಲ್ಲಿ ಹೊಲಿಯುವ ದರ್ಜಿಗಳೂ ನೌಕರರೇ ಎಂದು ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ.

ಖಾಸಗಿ ಶಾಲೆಯ ಶಿಕ್ಷಕರೂ ಕೇಳಿ. ಶಿಕ್ಷಕರು 'ಕಾರ್ಮಿಕ'ರಲ್ಲ ಎಂದು 1988ರಲ್ಲಿ ತೀರ್ಪಾದ್ದರಿಂದ ಕಡಿತದ ಪರಿಹಾರ ನಮಗೆ ಕಷ್ಟ. ಆದರೆ ಗ್ರಾಚ್ಯುಟಿ ಉಂಟು. 2009ರ ತಿದ್ದುಪಡಿ ಅದನ್ನು 1997ರ ಏಪ್ರಿಲ್ 3ರಿಂದ ಅನ್ವಯಿಸಿತು. 2022ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು.

ಇನ್ನೊಂದು ಮಾತು. ಕೈಮೀರಿದ ಅನಿವಾರ್ಯ ಕಾರಣದಿಂದ ಸಂಸ್ಥೆ ಮುಚ್ಚಿದರೆ ಪರಿಹಾರ ಮೂರು ತಿಂಗಳ ಸರಾಸರಿ ವೇತನವನ್ನು ಮೀರುವುದಿಲ್ಲ. ಆದರೆ ಹಣದ ಮುಗ್ಗಟ್ಟು, ಮಾಲು ಮಾರಾಟವಾಗದಿರುವುದು ಅಂಥ ಕಾರಣಗಳಲ್ಲವೆಂದು ಕಾನೂನೇ ಹೇಳುತ್ತದೆ.

ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ, ಗ್ರಾಚ್ಯುಟಿ 30 ದಿನಗಳೊಳಗೆ ಬರಬೇಕು. ಬರದಿದ್ದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಿ. ಗಣಿಯವರು ಕೇಂದ್ರದ ಕಾರ್ಮಿಕ ಅಧಿಕಾರಿಗೆ ಕೊಡಬೇಕು. ತೆಗೆದುಹಾಕಿದ್ದರ ವಿವಾದವನ್ನು ಎರಡು ವರ್ಷದೊಳಗೆ ಎತ್ತಬೇಕು. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಅಲ್ಲಿ ಉಚಿತ ನೆರವಿದೆ.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ಬಳ್ಳಾರಿಯಲ್ಲಿರಲಿ, ಕುರುಗೋಡಿನಲ್ಲಿರಲಿ, ಎಷ್ಟೋ ಮನೆಗಳಲ್ಲಿ ಕಾಗದ ಓದಬಲ್ಲವರು ನೀವೊಬ್ಬರೇ. ಇಂದು ಮನೆಗೆ ಹೋಗಿ ಅಬ್ಬಾ, ಅಮ್ಮಿ, ಅಣ್ಣಂದಿರ ಸಂಬಳದ ಚೀಟಿ, ಗುರುತಿನ ಚೀಟಿ, ಪಾಸ್‌ಬುಕ್, ಪಿ.ಎಫ್. ಸಂಖ್ಯೆ ಇವುಗಳನ್ನು ಒಂದು ಕಡೆ ಜೋಡಿಸಿಡಿ. ಚೀಟಿ ಕೊಡದ ಕಡೆ ಕೆಲಸಕ್ಕೆ ಹೋದ ದಿನಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಯಾರೇ ಸಹಿ ಕೇಳಿದರೂ 'ಮಗಳಿಗೆ ತೋರಿಸಿ ಬರುತ್ತೇನೆ' ಎನ್ನುವಂತೆ ಮನೆಯವರಿಗೆ ಹೇಳಿಕೊಡಿ. ನೀವು ಕಲಿತ ಅಕ್ಷರ ಪರೀಕ್ಷೆಗೆ ಮುಂಚೆ ಮನೆಗೆ ಉಪಯೋಗಕ್ಕೆ ಬರಲಿ.