ಸೀಟಿಗೆ ಮುಂಚಿನ ನೋಟ



ಜೇಮ್ಸ್ ನೈಸ್ಮಿತ್ 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬರೆದ ಬ್ಯಾಸ್ಕೆಟ್‌ಬಾಲ್ ಆಟದ 13 ನಿಯಮಗಳಲ್ಲೇ ಭುಜ ಕೊಟ್ಟು ನೂಕುವುದಕ್ಕೂ ಹಿಡಿದೆಳೆಯುವುದಕ್ಕೂ ನಿಷೇಧವಿತ್ತು. ಆದರೆ ಅಂದು ಚೆಂಡು ಹಿಡಿದವನು ಓಡುವಂತಿರಲಿಲ್ಲ, ಹಿಡಿದಲ್ಲಿಂದಲೇ ಎಸೆಯಬೇಕಿತ್ತು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವ ಡ್ರಿಬ್ಲಿಂಗ್ ಬಂದ ಮೇಲೆ ಚೆಂಡಿನೊಂದಿಗೆ ನುಗ್ಗುವವನೂ ತಡೆಯುವವನೂ ಎದುರುಬದುರಾದರು. ತೀರ್ಪುಗಾರರಾದ ನಮ್ಮ ಕಷ್ಟ ಶುರುವಾದದ್ದು ಅಲ್ಲಿಂದ.

ನುಗ್ಗಿದವನದೇ ತಪ್ಪೆಂದು ಚಾರ್ಜಿಂಗ್ ಕೊಡಬೇಕಾದರೆ ಡಿಫೆಂಡರ್ ಕಂಬದ ಹಾಗೆ ನಿಂತಿರಬೇಕು ಎಂಬ ನಂಬಿಕೆ ನಮ್ಮ ಅಂಕಣಗಳಲ್ಲಿ ಬೇರೂರಿಬಿಟ್ಟಿದೆ. "ಅವನು ಅಲ್ಲಾಡ್ತಾ ಇದ್ದ ಸಾರ್!" ಎಂದು ಬೆಂಚಿನಿಂದ ಕೂಗು ಬರುತ್ತದೆ. ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಲ್ಲಿ ಅಂಥ ಷರತ್ತೇ ಇಲ್ಲ. ಎದುರಾಳಿಗೆ ಮುಖಮಾಡಿ ಎರಡೂ ಪಾದ ನೆಲಕ್ಕೂರಿದರೆ ಡಿಫೆಂಡರನಿಗೆ ನ್ಯಾಯವಾದ ಸ್ಥಾನ ಸಿಕ್ಕಿತು. ಆಮೇಲೆ ಅವನು ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೆ ಸರಿಯಬಹುದು, ನೇರ ಮೇಲಕ್ಕೆ ಜಿಗಿಯಬಹುದು. ಸರಿಯುವಾಗ ಪಾದ ಕ್ಷಣಕಾಲ ನೆಲ ಬಿಟ್ಟರೂ ಹಕ್ಕು ಹೋಗದು; ಡ್ರಿಬ್ಲರ್ ಕಡೆಗೆ ಮುಂದೊತ್ತಿದರೆ ಹೋಗುತ್ತದೆ. ಚೆಂಡಿಲ್ಲದ ಆಟಗಾರನಿಗೆ ಒಂದೆರಡು ಹೆಜ್ಜೆಯ ಅಂತರ ಬಿಡಬೇಕು. ಚೆಂಡು ಆಡಿಸುವವನಿಗೆ ಆ ರಿಯಾಯಿತಿ ಇಲ್ಲ. ಯಾವ ಕ್ಷಣದಲ್ಲಾದರೂ ಯಾರಾದರೂ ಅಡ್ಡ ಬಂದಾರು ಎಂದು ಅವನೇ ಎಚ್ಚರವಾಗಿರಬೇಕು.

ಡ್ರಿಬ್ಲರ್ ಬಲಗಡೆಯಿಂದ ಭುಜ ತಗ್ಗಿಸಿ ಬುಟ್ಟಿಯತ್ತ ನುಗ್ಗುತ್ತಾನೆ ಎನ್ನಿ. ಮೊದಲೇ ಸ್ಥಾನ ಹಿಡಿದಿದ್ದ ಡಿಫೆಂಡರ್ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾನೆ. ಭುಜ ಅವನ ಎದೆಯ ನಡುವೆ ಬಡಿದರೆ ಅವನೇ ಅಲ್ಲಿಗೆ ಮೊದಲು ಬಂದವನು, ತಪ್ಪು ಡ್ರಿಬ್ಲರನದು. ಎದೆ ತಲುಪುವ ಮೊದಲೇ ಡ್ರಿಬ್ಲರ್ ಪಕ್ಕದಿಂದ ದಾಟುತ್ತಿದ್ದು, ಚಾಚಿದ ಮೊಣಕಾಲೋ ಸೊಂಟವೋ ತಗುಲಿದರೆ ಅದು ಬ್ಲಾಕಿಂಗ್, ತಪ್ಪು ಡಿಫೆಂಡರನದು. ಈ ಎರಡರ ನಡುವಿನ ಅಂತರ ಒಂದು ಗೇಣೂ ಇರುವುದಿಲ್ಲ. ಚೆಂಡನ್ನೇ ಹಿಂಬಾಲಿಸುವ ಕಣ್ಣಿಗೆ ಇದು ಕಾಣುವುದಿಲ್ಲ. ಕಾಣುವುದು ಬಿದ್ದವನು ಮಾತ್ರ. ಬಿದ್ದದ್ದನ್ನು ನೋಡಿ ಊದುವ ಸೀಟಿ ಬರೀ ಊಹೆ. ಚೆನ್ನಾಗಿ ಕಾಲಾಡಿಸಿ ತಡೆದ ಹುಡುಗನಿಗೆ ಅದರಿಂದಾಗುವ ಅನ್ಯಾಯ ನನಗೆ ಸಹಿಸಲಾಗದ ಸಂಗತಿ. ಐದು ಫೌಲಿಗೆ ಅವನ ಪಂದ್ಯವೇ ಮುಗಿಯುತ್ತದೆ.

ಕೈಯ ವಿಚಾರ ಬೇರೆ. ಬರೀ ಮುಟ್ಟಿದ್ದು ಫೌಲಲ್ಲ, ಮುಟ್ಟಿದ್ದರಿಂದ ಲಾಭವಾಯಿತೆ ಎಂಬುದೇ ಪ್ರಶ್ನೆ. ಸೊಂಟದ ಮೇಲಿಟ್ಟ ಅಂಗೈ ಅಲ್ಲೇ ಉಳಿದು ಡ್ರಿಬ್ಲರನ ವೇಗ ಕುಗ್ಗಿಸಿದರೆ, ಅವನ ದಾರಿ ಬದಲಾದರೆ ಸೀಟಿ ಊದಲೇಬೇಕು. ಮತ್ತೆಮತ್ತೆ ತಿವಿಯುವುದೂ ಫೌಲೇ, ಆಟ ಒರಟಾಗುವುದು ಅಲ್ಲಿಂದಲೇ. ಡ್ರಿಬ್ಲರ್ ಬಿಡುವಾದ ಕೈಯಿಂದ ನೂಕುವುದನ್ನು ಮಾತ್ರ ನಮ್ಮವರು ಯಾಕೋ ಧಾರಾಳವಾಗಿ ಬಿಟ್ಟುಬಿಡುತ್ತಾರೆ.

ತರಬೇತಿ ಶಿಬಿರ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ನಿಯಮ ಓದಿಸುವ ಹೊತ್ತಿನಲ್ಲಿ ಅರ್ಧವನ್ನಾದರೂ ನೋಟಕ್ಕೆ ಕೊಡಿ. ಇಬ್ಬರನ್ನು ಎದುರುಬದುರು ಆಡಿಸಿ, ಹೊಸ ತೀರ್ಪುಗಾರನ ಕೈಗೆ ಸೀಟಿ ಕೊಡಬೇಡಿ. ಡಿಫೆಂಡರನ ಎರಡೂ ಪಾದ ನೆಲ ಮುಟ್ಟಿದೊಡನೆ ಆ ತೀರ್ಪುಗಾರ "ಬಂತು" ಎನ್ನಲಿ. ಪೆಟ್ಟು ಬಿದ್ದೊಡನೆ "ಎದೆ" ಎಂದೋ "ಪಕ್ಕ" ಎಂದೋ ಗಟ್ಟಿಯಾಗಿ ಹೇಳಲಿ. ಅದು ತಡವರಿಸದೆ ಬಾಯಿಗೆ ಬಂದ ಮೇಲೆ ಪಂದ್ಯಕ್ಕೆ ಕಳಿಸಿ.