ನಕ್ಷೆಯಲ್ಲಿ ಕಸದ ಸ್ಥಾನ

ಪಂಚನಹಳ್ಳಿಯ ಕಡೆ ಮನೆ ಕಟ್ಟಲು ಹೊರಟವರು ಮೊದಲು ವಿಚಾರಿಸುವುದು ಆಯವನ್ನು. ಆಮೇಲೆ ಬಾಗಿಲ ದಿಕ್ಕನ್ನು, ದೇವರ ಮನೆಯ ಮೂಲೆಯನ್ನು. ಆ ಮನೆಯಿಂದ ಹೊರಬೀಳುವ ಕಸ, ಕೊಳಚೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಹುಟ್ಟುವುದು ಗೃಹಪ್ರವೇಶದ ಊಟ ಮುಗಿದು ಎಂಜಲೆಲೆ ಎತ್ತುವ ಹೊತ್ತಿಗೆ. ಆಗ ಉಳಿದಿರುವ ಜಾಗ ಬೀದಿಯೊಂದೇ.

ನಮ್ಮ ಹಿರಿಯರು ಇದನ್ನು ಮರೆತಿರಲಿಲ್ಲ. ಈ ಕಡೂರು ಸೀಮೆಯ ಹಳೆಯ ಮನೆಯಲ್ಲಿ ಬಚ್ಚಲ ನೀರು ಹಿತ್ತಲ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಕೊಟ್ಟಿಗೆಯ ಸಗಣಿ, ಗಂಜಲ ತಿಪ್ಪೆ ಸೇರುತ್ತಿದ್ದವು. ತೆಂಗಿನ ಮಟ್ಟೆ, ಗರಿಗಳು ಹಂಡೆಯೊಲೆಗೆ, ಒಲೆಯ ಬೂದಿ ಪಾತ್ರೆ ಬೆಳಗಲು. ಹಾಗೆಂದು ಆ ಕಾಲವನ್ನು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ಅಂಥ ಎಷ್ಟೋ ಮನೆಗಳಲ್ಲಿ ಪಾಯಿಖಾನೆಯೇ ಇರಲಿಲ್ಲ. ಹೆಂಗಸರು ಕತ್ತಲಾಗುವುದನ್ನೇ ಕಾಯಬೇಕಾಗಿತ್ತು.

ಪಟ್ಟಣಗಳ ಕಥೆ ಬೇರೆ. 1898ರ ಪ್ಲೇಗಿನ ತರುವಾಯ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಬೆನ್ನಿಗೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ನಕ್ಷೆ ಬರೆದವನು ಮಲವನ್ನು ಮರೆತಿರಲಿಲ್ಲ, ನಿಜ. ಆದರೆ ಅದನ್ನು ಹೊರಲು ಮನುಷ್ಯನೊಬ್ಬ ಬರುತ್ತಾನೆ, ಮುಂಬಾಗಿಲಿಗೆ ಕಾಣದಂತೆ ಬಂದು ಹೋಗುತ್ತಾನೆ ಎಂದು ಎಣಿಸಿಯೇ ಆ ಗೆರೆ ಎಳೆದಿದ್ದ. ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ನಿಷೇಧ ಬಂತು. ಆದರೂ 2010ರ ಜುಲೈ ತಿಂಗಳಲ್ಲಿ ಸವಣೂರಿನ ಭಂಗಿ ಸಮುದಾಯದವರು, ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ, ಮೈಮೇಲೆ ಮಲ ಸುರಿದುಕೊಂಡು ನಿಂತರು. ನಾಡಿಗೆ ನಾಡೇ ಮುಖ ತಗ್ಗಿಸಬೇಕಾದ ದಿನ ಅದು.

ಮಲಗುಂಡಿ ಶುಚಿಮಾಡಲು ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಆದರೆ ಗುಂಡಿಯನ್ನು ಯಂತ್ರದ ಕೊಳವೆ ತಲುಪದ ಕಡೆ, ಹಿಂದಿನ ಕೋಣೆಯ ನೆಲದಡಿ ಹೂತಿಟ್ಟವರು ಆ ಅಪರಾಧವನ್ನು ಪಾಯ ತೋಡುವ ದಿನವೇ ಬರೆದಿಟ್ಟಂತಲ್ಲವೆ? ನಮ್ಮಂಥ ಊರಿಗೆ ಜೋಡಿಗುಂಡಿಯ ಪಾಯಿಖಾನೆ ಸುಲಭದ ದಾರಿ. ಒಂದು ಗುಂಡಿ ತುಂಬಿದಾಗ ಹರಿವನ್ನು ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ತೆಂಗಿನ ಬುಡಕ್ಕೆ ಹಾಕಬಹುದು. ಬೇಕಾದದ್ದು ಬಾವಿಯಿಂದ ದೂರವಾದ, ಎರಡು ಗುಂಡಿಗಾಗುವಷ್ಟು ನೆಲ. ನಿವೇಶನದ ಅಂಚಿನವರೆಗೆ ಗೋಡೆ ಎಬ್ಬಿಸಿದ ಮೇಲೆ ಅದನ್ನು ಎಲ್ಲಿಂದ ತರುವುದು?

ಒಣಕಸದ ಪಾಡೂ ಇದೇ. ತಿಪ್ಪೆ ಬಾಳೆಲೆಯನ್ನು ಅರಗಿಸಿಕೊಂಡೀತು, ಪ್ಲಾಸ್ಟಿಕ್ಕನ್ನಲ್ಲ. ವಸತಿ ಸಮುಚ್ಚಯಕ್ಕೂ ಮಾರುಕಟ್ಟೆ ಸಂಕೀರ್ಣಕ್ಕೂ ನಕ್ಷೆಯ ಮಂಜೂರಾತಿ ಕೊಡುವಾಗಲೇ ಕಸ ಬೇರ್ಪಡಿಸಿಡುವ ಸ್ಥಳವಿದೆಯೇ ಎಂದು ನೋಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಒಂಟಿ ಮನೆ ಕಟ್ಟುವವನಿಗೆ ಇದನ್ನು ಹೇಳುವವರು ಯಾರು? ಪರಿಚಯದ ಮೇಸ್ತ್ರಿಯೊಬ್ಬರನ್ನು ಕೇಳಿದೆ.

“ಮೇಷ್ಟ್ರೇ, ಕಾರು ನಿಲ್ಲೋಕೆ ಜಾಗ ಬಿಡು ಅಂತಾರೆ, ಬಿಡ್ತೀನಿ. ಗುಂಡಿಗೆ ಅಂತ ಯಾರಾದ್ರೂ ಕೇಳಿದ್ದುಂಟಾ?” ಎಂದರು.